ಶ್ವಾಸಕೋಶದ ಹಳೆಯ ಹೆಪ್ಪು



ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕೆಲವೊಮ್ಮೆ ಕಳಚಿಕೊಂಡು, ಹೃದಯದ ಮೂಲಕ ಸಾಗಿ ಶ್ವಾಸಕೋಶದ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಬಹುಪಾಲು ಜನರಲ್ಲಿ ಅದು ಕರಗುತ್ತದೆ. ಕೆಲವರಲ್ಲಿ ಮಾತ್ರ ಗಟ್ಟಿಯಾಗಿ ನಾಳದ ಗೋಡೆಗೇ ಬೆಸೆದುಕೊಳ್ಳುತ್ತದೆ. ಆಗ ಶ್ವಾಸಕೋಶದ ನಾಳಗಳಲ್ಲಿ ಒತ್ತಡ ಏರಿ, ಹೃದಯದ ಬಲಭಾಗ ಸೋಲುತ್ತ ಬರುತ್ತದೆ. ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿ.ಪಿ.ಯಲ್ಲಿ ಈ ಒತ್ತಡ ಕಾಣುವುದಿಲ್ಲ.

1908ರಲ್ಲಿ ಜರ್ಮನಿಯ ಟ್ರೆಂಡೆಲೆನ್‌ಬರ್ಗ್ ಎದೆ ತೆರೆದು ಹೊಸ ಹೆಪ್ಪನ್ನು ತೆಗೆಯಲು ಯತ್ನಿಸಿದರು, ರೋಗಿಗಳು ಉಳಿಯಲಿಲ್ಲ. 1930ರ ಸುಮಾರಿಗೆ ಅಮೆರಿಕದ ಗಿಬ್ಬನ್, ಇಂಥ ಹೆಪ್ಪಿನಿಂದ ಸಾಯುತ್ತಿದ್ದ ಒಬ್ಬ ಹೆಂಗಸಿನ ಬಳಿ ರಾತ್ರಿಯಿಡೀ ಕಾದರು. ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ಯಂತ್ರವೇ ಮಾಡಿದರೆ ಹೇಗೆ ಎಂಬ ಯೋಚನೆ ಅಲ್ಲಿ ಹುಟ್ಟಿತು. 1953ರಲ್ಲಿ ಆ ಯಂತ್ರ ಒಬ್ಬ ರೋಗಿಯನ್ನು ಉಳಿಸಿತು.

ಹಳೆಯ ಹೆಪ್ಪಿನ ಕಷ್ಟವೇ ಬೇರೆ. ಅದನ್ನು ಎಳೆದು ತೆಗೆಯಲಾಗದು. ಬಾಳೆದಿಂಡಿನ ಪದರ ಸುಲಿದಂತೆ ನಾಳದ ಒಳಪದರವನ್ನೇ ಸುಲಿಯಬೇಕು. 1970ರಲ್ಲಿ ಸ್ಯಾನ್ ಡಿಯಾಗೋದಲ್ಲಿ ನೀನಾ ಬ್ರಾನ್‌ವಾಲ್ಡ್ ಎಂಬ ವೈದ್ಯೆ ಈ ಕೆಲಸ ಆರಂಭಿಸಿದರು. ಮುಂದೆ ಅಲ್ಲಿಯೇ ಮೋಸರ್, ಜೇಮೀಸನ್ ಮೊದಲಾದವರು ಇದಕ್ಕೆ ಕ್ರಮ ಕಟ್ಟಿಕೊಟ್ಟರು. ರಕ್ತ ಒಸರುತ್ತಿದ್ದರೆ ಪದರ ಕಾಣದು. ಅದಕ್ಕಾಗಿ ದೇಹವನ್ನು ಸುಮಾರು 20 ಡಿಗ್ರಿಗೆ ತಂಪಾಗಿಸಿ, ಒಂದು ಸಲಕ್ಕೆ 20 ನಿಮಿಷ ರಕ್ತದ ಓಟವನ್ನೇ ನಿಲ್ಲಿಸುತ್ತಾರೆ.

1984ರ ಒಂದು ಸಮೀಕ್ಷೆಯಲ್ಲಿ ಇಂಥ 85 ರೋಗಿಗಳ ಪೈಕಿ ಶೇಕಡಾ 22 ಮಂದಿ ತೀರಿಕೊಂಡಿದ್ದರು. 2012ರ ಸ್ಯಾನ್ ಡಿಯಾಗೋ ವರದಿಯಲ್ಲಿ, ಕೊನೆಯ 500 ರೋಗಿಗಳಲ್ಲಿ ಅದು ಶೇಕಡಾ 2.2ಕ್ಕೆ ಇಳಿದಿತ್ತು. ಚಾಕುವಿನ ಚಾತುರ್ಯವೊಂದೇ ಇದಕ್ಕೆ ಕಾರಣವಲ್ಲ, ಹಿಂದುಮುಂದಿನ ಆರೈಕೆಯೂ ಕಾರಣ. ಮೊದಲು ಹೃದಯಕ್ಕೆ ಸಣ್ಣ ನಳಿಕೆ ಹಾಯಿಸಿ ಒತ್ತಡ ಅಳೆಯುತ್ತಾರೆ. ಬಳಿಕ ಬಹುಕಾಲ ರಕ್ತ ಕಾಣದಿದ್ದ ಭಾಗಕ್ಕೆ ಒಮ್ಮೆಲೇ ರಕ್ತ ನುಗ್ಗಿ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಆದ್ದರಿಂದ ದ್ರವವನ್ನು ಮಿತಿಯಲ್ಲಿಟ್ಟು, ಉಸಿರಾಟದ ಯಂತ್ರವನ್ನು ಜೋಪಾನವಾಗಿ ನಡೆಸುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಜೀವನಪೂರ್ತಿ ಬೇಕು.

ಶಸ್ತ್ರಚಿಕಿತ್ಸೆ ಆಗದವರಿಗೆ, ಆದರೂ ಒತ್ತಡ ಇಳಿಯದವರಿಗೆ 2013ರಲ್ಲಿ ರಿಯೋಸಿಗ್ವಾಟ್ ಮಾತ್ರೆ ಬಂತು. ಬಲೂನಿನಿಂದ ನಾಳ ಹಿಗ್ಗಿಸುವ ವಿಧಾನವೂ ಇದೆ. ಆದರೆ ಮಾತ್ರೆ ಹಳೆಯ ಹೆಪ್ಪನ್ನು ತೆಗೆಯದು. ಮಾತ್ರೆ ನಂಬಿ ಶಸ್ತ್ರಚಿಕಿತ್ಸೆ ಮುಂದೂಡುವುದೆಂದರೆ ಅಸಲು ಹಾಗೇ ಬಿಟ್ಟು ಬಡ್ಡಿ ಕಟ್ಟಿದಂತೆ.

ಹೆಪ್ಪಿಗೆ ಮೂರು ತಿಂಗಳು ಔಷಧಿ ತೆಗೆದುಕೊಂಡರೂ ಮೆಟ್ಟಿಲು ಹತ್ತುವಾಗ ದಮ್ಮು ಕಟ್ಟಿದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಿರಬೇಡಿ. ನಮ್ಮ ಭಾಷೆಯಲ್ಲೋ ನೆರೆಯ ಭಾಷೆಯಲ್ಲೋ ವೈದ್ಯರಿಗೆ ಹೇಳಿ, ಶ್ವಾಸಕೋಶದ ಸ್ಕ್ಯಾನ್ ಬೇಕೇ ಎಂದು ಕೇಳಿ.