ಕುಡಿಯದವರ ಕಾಯಿಲೆ

2012ರಲ್ಲಿ ನನ್ನ ಭಾವನವರ ಹೊಟ್ಟೆಯ ಸ್ಕ್ಯಾನಿಂಗ್ ವರದಿಯಲ್ಲಿ ‘ಫ್ಯಾಟಿ ಲಿವರ್’ ಎಂದು ಬಂದಿತ್ತು. ಕಾಫಿಯೊಂದನ್ನುಳಿದು ಬೇರಾವ ಚಟವನ್ನೂ ಅರಿಯದ ಮನುಷ್ಯ ಅವರು. ವೈದ್ಯರು ಕೇಳಿದ ಮೊದಲ ಪ್ರಶ್ನೆ: “ದಿನಕ್ಕೆ ಎಷ್ಟು ಕುಡಿಯುತ್ತೀರಿ?” ಕುಡಿಯುವುದೇ ಇಲ್ಲವೆಂದಾಗ ಅವರು ನಕ್ಕು, ಅದೇ ಪ್ರಶ್ನೆಯನ್ನು ನನ್ನತ್ತ ತಿರುಗಿ ಕೇಳಿದರು. ಹಿಂದಿರುಗುವಾಗ ಭಾವ ಆಡಿದ್ದು ಒಂದೇ ಮಾತು: “ಇದು ನಿನ್ನ ಅಕ್ಕನ ಕಿವಿಗೆ ಬೀಳುವುದು ಬೇಡ.”

ಆ ಅನುಮಾನಕ್ಕೂ ಒಂದು ಇತಿಹಾಸವಿದೆಯೆಂದು ನಾನು ತಿಳಿದದ್ದು ಆಮೇಲೆ. ಯಕೃತ್ತಿನ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ, ಮದ್ಯದಿಂದಾದ ಹಾನಿಯೂ ಬೊಜ್ಜು, ಮಧುಮೇಹಗಳ ಜೊತೆಗೆ ಬರುವ ಹಾನಿಯೂ ಹೆಚ್ಚುಕಡಿಮೆ ಒಂದೇ ತೆರನಾಗಿ ಕಾಣುತ್ತವೆ. ಹಾಗಾಗಿ ರೋಗಿಯ ಮಾತಿಗಿಂತ ಬಯಾಪ್ಸಿಯ ಸಾಕ್ಷ್ಯವೇ ಮೇಲಾಗುತ್ತಿತ್ತು. 1980ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ರೋಗಶಾಸ್ತ್ರಜ್ಞ ಯುರ್ಗೆನ್ ಲುಡ್ವಿಗ್ ಮತ್ತು ಸಂಗಡಿಗರು ಇಂತಹ 20 ರೋಗಿಗಳ ವಿವರವನ್ನು ಪ್ರಕಟಿಸಿದರು. ಬಹುಪಾಲು ಮಂದಿ ಸ್ಥೂಲಕಾಯರು. ಅನೇಕರಿಗೆ ಮಧುಮೇಹ ಅಥವಾ ಪಿತ್ತಕೋಶದ ಕಲ್ಲು ಇತ್ತು. ಅದುವರೆಗೆ ಹೆಸರೇ ಇಲ್ಲದಿದ್ದ ಈ ಕಾಯಿಲೆಯನ್ನು ಅವರು ‘ನಾನ್ ಆಲ್ಕೊಹಾಲಿಕ್ ಸ್ಟಿಯಾಟೊಹೆಪಟೈಟಿಸ್’ ಎಂದು ಕರೆದರು. ರೋಗಿಯ ಮಾತು ಸುಳ್ಳಲ್ಲವೆಂದು ವೈದ್ಯಶಾಸ್ತ್ರ ಒಪ್ಪಿತು. ಆದರೂ ಹೆಸರಿನೊಳಗೆ ಮದ್ಯ ಉಳಿದೇ ಹೋಯಿತು!

ಅದನ್ನು ತೆಗೆಯಲು 43 ವರ್ಷ ಹಿಡಿಯಿತು. 2023ರಲ್ಲಿ ವಿವಿಧ ದೇಶಗಳ ತಜ್ಞರೂ ರೋಗಿಗಳ ಪ್ರತಿನಿಧಿಗಳೂ ಸೇರಿ, ‘ನಾನ್ ಆಲ್ಕೊಹಾಲಿಕ್’, ‘ಫ್ಯಾಟಿ’ ಎಂಬೆರಡು ಪದಗಳೂ ಕಳಂಕ ಹಚ್ಚುತ್ತವೆಂದು ಭಾವಿಸಿ ಹೊಸ ಹೆಸರನ್ನಿತ್ತರು. ದೇಹದ ಚಯಾಪಚಯದ ಏರುಪೇರಿನೊಂದಿಗೆ ಯಕೃತ್ತಿನಲ್ಲಿ ಕೊಬ್ಬು ಶೇಖರವಾಗುವ ಕಾಯಿಲೆ ಎಂಬುದು ಅದರ ತಾತ್ಪರ್ಯ.

ಚಿಕಿತ್ಸೆಯ ಕಥೆಯೂ ನಿಧಾನದ್ದೇ. 1980ರಲ್ಲಿ ಔಷಧವಿರಲಿಲ್ಲ. ಇದಕ್ಕೆಂದೇ ಅಮೆರಿಕದಲ್ಲಿ ಮೊದಲ ಔಷಧಕ್ಕೆ ಒಪ್ಪಿಗೆ ದೊರೆತದ್ದು 2024ರ ಮಾರ್ಚ್‌ನಲ್ಲಿ. ನಮ್ಮ ಸರ್ಕಾರ 2021ರಲ್ಲಿ ಈ ಕಾಯಿಲೆಯನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಸ್ಥೂಲಕಾಯರು ದೇಹತೂಕದ ಶೇಕಡಾ 7ರಿಂದ 10ರಷ್ಟು ಇಳಿಸಿದರೆ ಯಕೃತ್ತಿನ ಉರಿಯೂತ ತಗ್ಗಬಲ್ಲದು ಎಂಬುದೇ ಇಂದಿಗೂ ಚಿಕಿತ್ಸೆಯ ತಳಹದಿ. ಭಾವ ಅನ್ನ ಕಡಿಮೆ ಮಾಡಿ, ಸಂಜೆ ನಡೆಯತೊಡಗಿ, ಎರಡು ವರ್ಷದಲ್ಲಿ ಎಂಟು ಕಿಲೋ ಇಳಿದರು. ಅಕ್ಕನಿಗೆ ಮಾತ್ರ ಕಾರಣ ಹೇಳಿರಲಿಲ್ಲ.

ಹೊಸ ಹೆಸರಿನ ಸುದ್ದಿಯನ್ನು ಅವರಿಗೆ ಓದಿ ಹೇಳಿದೆ. “ಅದರಲ್ಲಿ ಕುಡಿತದ ಮಾತಿಲ್ಲ ತಾನೆ?” ಎಂದು ಕೇಳಿ, ಅಂದೇ ರಾತ್ರಿ ಅಕ್ಕನಿಗೆ ಎಲ್ಲವನ್ನೂ ತಿಳಿಸಿದರಂತೆ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ವೈದ್ಯರು. ಅವರಿಗೆ ಉಪದೇಶ ಮಾಡುವ ಅರ್ಹತೆ ನನಗಿಲ್ಲ. “ನಾನಲ್ಲ ಸಾರ್” ಎಂದ ಎಷ್ಟು ಹುಡುಗರನ್ನು ನಾನೂ ನಂಬದೆ ಬೆಂಚಿನ ಮೇಲೆ ನಿಲ್ಲಿಸಿದ್ದೆನೋ!