ಪೊಟ್ಟಣದ ಮಂಡಕ್ಕಿ

ಮಂಡಕ್ಕಿಯನ್ನು ಪ್ಲೇಟಿನಲ್ಲಿ ಹಾಕಿ ಕೊಡುತ್ತಾರೆ ಅನ್ನುವುದು ನನಗೆ ತಿಳಿದದ್ದು ಓದಲಿಕ್ಕೆ ಹರಿಹರಕ್ಕೆ ಹೋದ ಮೇಲೆ. ಭಾನುವಳ್ಳಿಯ ಕೇರಿಯ ಹುಡುಗನಾದ ನನಗೆ ಅಲ್ಲಿಯವರೆಗೆ ಮಂಡಕ್ಕಿ ಅಂದರೆ ಪೊಟ್ಟಣ. ಅಪ್ಪ ಹೋಟ್ಲಿನ ಹೊರಗೆ ನಿಂತು "ನಾಕಾಣೆ ಮಂಡಕ್ಕಿ, ಎಲ್ಡು ಮಿರ್ಚಿ ಕೊಡ್ರಿ" ಅನ್ನೋನು. ಹಳೇ ಪೇಪರಿನ ಪೊಟ್ಟಣ ಮೇಲಿನಿಂದ ಅವನ ಟವೆಲ್ಲಿಗೆ ಬೀಳೋದು. ನಾನು ಒಳಗೆ ಇಣುಕಿದರೆ "ಅಲ್ಲೇ ನಿಂತ್ಕಳಲೇ" ಅಂತ ಗದರೋನು. ಪೊಟ್ಟಣ ನಮಗೆ ಕೊಡುವ ಮರ್ಯಾದೆ ಅಂದುಕೊಂಡಿದ್ದೆ. ಪೇಪರಾದರೆ ನಮ್ಮ ಎಂಜಲನ್ನು ಯಾರೂ ತೊಳೆಯಬೇಕಾಗಿಲ್ಲ ಅನ್ನುವ ಲೆಕ್ಕ ಆಮೇಲೆ ಗೊತ್ತಾಯಿತು.

ಬರೀ ಅವಮಾನವನ್ನೇ ಬರೆದರೆ ಅದೂ ಸುಳ್ಳಾಗುತ್ತದೆ. ಅವ್ವ ಆ ಮಂಡಕ್ಕಿಯನ್ನು ಮೊರಕ್ಕೆ ಸುರಿದು, ಪುಟಾಣಿ ಹಿಟ್ಟು, ಖಾರದಪುಡಿ, ಹಸಿ ಈರುಳ್ಳಿ ಕಲಸೋಳು. ಆರು ಕೈಗಳು ಒಟ್ಟಿಗೆ ಮೊರಕ್ಕೆ ಬೀಳುತ್ತಿದ್ದವು. ನಾಕಾಣೆಗೆ ಮೊರ ತುಂಬುವ ತಿಂಡಿ ಬೇರೆ ಯಾವುದಿತ್ತು? ತೂಕವಿಲ್ಲದ್ದಕ್ಕೇ ಅದನ್ನು ಸೇರಿನಲ್ಲಿ ಅಳೆಯುತ್ತಿದ್ದರು. ಬಡವನ ಕಣ್ಣಿಗೆ ರಾಶಿ, ಹೊಟ್ಟೆಗೆ ಗಾಳಿ.

ಧಾರವಾಡದ ಕಡೆ ಇದು ಚುರುಮುರಿ, ಮೈಸೂರು ಸೀಮೆಯಲ್ಲಿ ಪುರಿ. ಹೆಸರು ಮೂರಾದರೂ ಕೆಲಸ ಒಂದೇ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಹಿಡಿಸಿ, ಕಾದ ಮರಳಿಗೆ ಹಾಕಿದರೆ ಕ್ಷಣದಲ್ಲಿ ಅರಳುತ್ತದೆ. ಕೂಡಲೇ ಜರಡಿ ಹಿಡಿಯಬೇಕು. ತಡವಾದರೆ ಸೀಯುತ್ತದೆ.

ನಮ್ಮದು ಮೊದಲು ಜೋಳದ ಸೀಮೆ. ಅನ್ನ ಹಬ್ಬದ ಊಟ. 1960ರ ದಶಕದಲ್ಲಿ ಭದ್ರಾ ನಾಲೆಯ ನೀರು ಹರಿದ ಮೇಲೆ ದಾವಣಗೆರೆ, ಹರಿಹರದ ಬಯಲೆಲ್ಲ ಗದ್ದೆಯಾಯಿತು, ರೈಸ್ ಮಿಲ್ಲುಗಳೆದ್ದವು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಗೆ ಅಕ್ಕಿಯೂ ಸಿಕ್ಕಿತು, ಉರಿಸಲಿಕ್ಕೆ ಭತ್ತದ ಹೊಟ್ಟೂ ಸಿಕ್ಕಿತು. ಬತ್ತಿ ಹೋಗದ ಆ ನೀರಿನಲ್ಲಿ ಬಗ್ಗಿ ನಾಟಿ ಹಾಕಿದವರು ನಮ್ಮ ಅವ್ವಂದಿರು. 1974ರ ಭೂಸುಧಾರಣೆ ಗೇಣಿದಾರನಿಗೆ ಭೂಮಿ ಕೊಟ್ಟಿತು. ಗೇಣಿಗೂ ಭೂಮಿ ಸಿಗದೆ ಕೂಲಿಗೆ ಹೋದವರಿಗೆ ಏನು ಕೊಟ್ಟಿತು? ನಾಲೆಯ ಚರಿತ್ರೆಯಲ್ಲಿ ಎಂಜಿನಿಯರುಗಳಿದ್ದಾರೆ, ಸಾಹುಕಾರರಿದ್ದಾರೆ. ನಮ್ಮ ಪಾಲಿಗೆ ಬಂದ ಭತ್ತ ಅರಳಿ, ಪೊಟ್ಟಣವಾಗಿ ಬಂತು, ಅದೂ ಮೇಲಿನಿಂದ.

ಇದಕ್ಕೂ ವಿಮರ್ಶೆಗೂ ಏನು ಸಂಬಂಧ ಅಂತ ಕೇಳುವವರಿದ್ದಾರೆ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದಾಗ ನಾಡೇ ಹೊತ್ತಿ ಉರಿಯಿತು, ಅವರು ಮಂತ್ರಿ ಪದವಿ ಬಿಡಬೇಕಾಯಿತು. ಬೂಸಾ ದನ ತಿನ್ನುವ ತಿಂಡಿ. ಕಾಳು ಯಾರಿಗೆ, ಹೊಟ್ಟು ಯಾರಿಗೆ ಅನ್ನುವ ಪ್ರಶ್ನೆ ಆ ಮಾತಿನಲ್ಲೇ ಇತ್ತು. ಆ ಕಿಚ್ಚಿನ ಬೆನ್ನಿಗೇ ದಲಿತ ಸಂಘರ್ಷ ಸಮಿತಿ ಬೆಳೆಯಿತು. ಅದನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ನಮ್ಮ ಹರಿಹರದವರೇ. ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸಾಕವ್ವನ ಮನೆಮಂದಿ ರಾತ್ರಿ ಸುತ್ತ ಕೂತು ಕಡಲೆಕಾಯಿ ತಿನ್ನುವುದನ್ನು ಓದಿದಾಗ ನನಗೆ ಕಂಡದ್ದು ಅವ್ವನ ಮೊರ. ಕಳವು, ಪೊಲೀಸು ಎಲ್ಲಾ ಆಮೇಲೆ. ಮೊದಲು ಆ ತಿನ್ನುವ ಸುಖ. ನಮ್ಮವರು ಉಣ್ಣುವ ಸುಖವನ್ನು ಕಾಣದ ವಿಮರ್ಶೆ ನಮ್ಮ ಹಸಿವನ್ನೂ ಕಾಣಲಾರದು.

ಆದರೆ ನನ್ನ ಕಣ್ಣಿಗೂ ಒಂದು ಕಾಣದೆ ಹೋಗಿತ್ತು. ದೊಡ್ಡವನಾಗಿ ಬೆಂಚಿನ ಮೇಲೆ ಕೂತು, ಪ್ಲೇಟಿನಲ್ಲಿ ನರ್ಗಿಸ್ ಮಂಡಕ್ಕಿ ತಿಂದು, ಗೆದ್ದೆ ಅಂದುಕೊಂಡೆ. ಆಮೇಲೊಂದು ದಿನ ದಾವಣಗೆರೆಯ ಭಟ್ಟಿಯೊಳಗೆ ಹೋದೆ. ಹೊಗೆಗೆ ಕಣ್ಣು ಬಿಡಲಾಗಲಿಲ್ಲ. ಬಹುಪಾಲು ಬಡ ಮುಸ್ಲಿಂ ಕುಟುಂಬಗಳು ಅಲ್ಲಿ ದುಡಿಯುತ್ತವೆ. 1986ರಲ್ಲಿ ಬಾಲಕಾರ್ಮಿಕ ಕಾಯ್ದೆ ಬಂದ ಮೇಲೂ ಆ ಭಟ್ಟಿಗಳಲ್ಲಿ ಮಕ್ಕಳು ಸಿಕ್ಕಿದ್ದಾರೆ. ಜರಡಿ ಹಿಡಿದ ಹೆಂಗಸನ್ನು "ಕೈ ಸುಡಲ್ವೇನಮ್ಮಾ?" ಅಂದೆ. "ಸುಟ್ಟು ಸುಟ್ಟು ಅಭ್ಯಾಸ ಆಗೈತಣ್ಣಾ" ಅಂದಳು.

ನನಗೆ ಬೆಂಚು ಸಿಕ್ಕಿತು. ಅವಳ ಕೈ ಇನ್ನೂ ಮರಳಿನ ಹತ್ತಿರವೇ ಇದೆ. ಮಂಡಕ್ಕಿಯ ಚರಿತ್ರೆ ಬರೆಯುವವರು ಪೊಟ್ಟಣ ಹಿಡಿದ ಅಪ್ಪನ ಟವೆಲ್ಲಿನ ಜೊತೆಗೆ ಆ ಕೈಯನ್ನೂ ಬರೆಯಬೇಕು.