ಮಾಮನ ಅಂಗಡಿ

ಕ್ವಾಲಾಲಂಪುರದಲ್ಲಿ ನೆಲೆಸಿರುವ ಓದುಗರೊಬ್ಬರು ಬರೆದಿದ್ದಾರೆ: ‘ರಾತ್ರಿ ಹನ್ನೊಂದಾಗಿದ್ದರೂ ನನ್ನ ಮಗ, ಮಾಮಕ್‌ಗೆ ಹೋಗಿ ಬರ್ತೀನಿ ಅಂತ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡ್ತಾನೆ. ಈ ಊರಲ್ಲಿ ನಮಗೆ ಮಾಮನೂ ಇಲ್ಲ, ಮಾವನೂ ಇಲ್ಲ. ಇದು ನಮ್ಮ ಮಾಮನೇ ಹೌದಾ?’

ಹೌದು, ನಮ್ಮವನೇ. ಮಲೇಷ್ಯಾದಲ್ಲಿ ತಮಿಳು ಮುಸ್ಲಿಮರು ನಡೆಸುವ ಹೋಟೆಲಿಗೆ ಮಾಮಕ್ ಎನ್ನುತ್ತಾರೆ. ತಮಿಳಿನ ಮಾಮಾ ಅಲ್ಲಿನವರ ಬಾಯಿಗೆ ಬಿದ್ದು, ಕಾಕಕ್, ಆದಿಕ್ ಎಂಬ ಮಲಯ ನೆಂಟರ ಸಾಲಿನಲ್ಲಿ ತಾನೂ ಒಂದು ಕಕಾರ ಹಚ್ಚಿಕೊಂಡು ಕೂತ. ‘ಜೋಮ್ ಮಾಮಕ್’ ಎಂದರೆ ‘ನಡಿ, ಮಾಮಕ್‌ಗೆ ಹೋಗೋಣ’. ಮಲಯರು, ಚೀನೀಯರು, ಭಾರತೀಯರು ಎಲ್ಲರೂ ಒಂದೇ ಮೇಜಿಗೆ ಕೂರುವ ಜಾಗ ಅದು. ಎಷ್ಟೋ ಮಾಮಕ್‌ಗಳಿಗೆ ರಾತ್ರಿಯೂ ಬಾಗಿಲು ಹಾಕುವ ಪದ್ಧತಿಯಿಲ್ಲ.

ಅಲ್ಲಿ ನಾನು ಮೊದಲು ಕೇಳುವುದು ನಾಸಿ ಕಂದಾರ್. ಪೆನಾಂಗಿನಲ್ಲಿ ಹಿಂದೆ ಅನ್ನ ಮತ್ತು ಸಾರಿನ ಪಾತ್ರೆಗಳನ್ನು ಅಡ್ಡೆಯ ಎರಡು ತುದಿಗೆ ತೂಗುಹಾಕಿ, ಹೆಗಲ ಮೇಲೆ ಹೊತ್ತು ಬೀದಿ ಬೀದಿ ಮಾರುತ್ತಿದ್ದರು. ಕಂದಾರ್ ಎಂಬ ಹೆಸರು ಆ ಅಡ್ಡೆಯಿಂದ ಬಂದದ್ದು. ಇವತ್ತು ಅಡ್ಡೆ ಹೋಗಿ ಗಾಜಿನ ಕಪಾಟು ಬಂದಿದೆ, ಬಡಿಸುವ ಕೈ ಮಾತ್ರ ಹಾಗೇ ಇದೆ. ‘ಬಾಂಜಿರ್’ ಅಂದರೆ ಸಾಕು. ಪ್ರವಾಹ ಎಂದರ್ಥ. ಕೋಳಿಯ ಸಾರು, ಮೀನಿನ ಸಾರು, ಬೇಳೆಯದೂ ಒಂದು ಸೌಟು, ಒಂದರ ಮೇಲೊಂದು ಸುರಿದು ಅನ್ನ ಮುಳುಗಿಸಿ ತಟ್ಟೆ ಮುಂದಿಡುತ್ತಾರೆ.

ಹೋಟೆಲಿಗೆ ಅಣ್ಣನ ಹೆಸರಿಲ್ಲ, ಅಪ್ಪನ ಹೆಸರಿಲ್ಲ, ಮಾಮನ ಹೆಸರೇ ಯಾಕೆ? ಇದಕ್ಕೆ ನನ್ನದೊಂದು ಸಿದ್ಧಾಂತವಿದೆ, ನಿಘಂಟುಗಳು ಒಪ್ಪಲಿ ಬಿಡಲಿ. ಮಾಮ ಎಂಬುದು ಊಟದಿಂದಲೇ ಹುಟ್ಟಿದ ಪದ. ನಮ್ಮ ಕೂಸುಗಳಿಗೆ ಅನ್ನವೆಂದರೆ ಮಮ್ಮು. ಇಂಡೊನೇಷ್ಯಾದ ಕೂಸುಗಳಿಗೆ ತಿನ್ನುವುದೆಂದರೆ ಮಾಮಮ್. ಹಟ ಹಿಡಿದ ಮಗುವಿಗೆ ತುತ್ತು ಇಡಲು ನಾವು ಕರೆಯುವುದು ಚಂದಮಾಮನನ್ನು. ಚಂದ ಚಿಕ್ಕಪ್ಪ ಎಂದು ಯಾರೂ ಕರೆದದ್ದಿಲ್ಲ. ಬಂಗಾಳದಲ್ಲಿ ಮಗುವಿನ ಬಾಯಿಗೆ ಮೊದಲ ಅನ್ನ ಇಡಲು ಸಾಮಾನ್ಯವಾಗಿ ತಾಯಿಯ ಒಡಹುಟ್ಟಿದವನೇ ಬರಬೇಕು. ಇಷ್ಟು ಸಾಕ್ಷಿ ಸಾಲದೇ? ಹೆತ್ತವರು ಬೈದು ಉಣ್ಣಿಸುತ್ತಾರೆ, ಮಾಮ ಕೇಳದೆಯೇ ಬಡಿಸುತ್ತಾನೆ.

ಇನ್ನೂ ಸಾಕ್ಷಿ ಬೇಕೆಂದರೆ ಪಶ್ಚಿಮ ಸುಮಾತ್ರಾಕ್ಕೆ ಬನ್ನಿ. ಅಲ್ಲಿನ ಮಿನಾಂಗ್ಕಬಾವ್ ಜನರಲ್ಲಿ ಮಾಮಕ್ ಎಂದರೆ ಹೋಟೆಲಲ್ಲ, ಸಾಕ್ಷಾತ್ ಸೋದರಮಾವ. ಮನೆ, ಗದ್ದೆ ತಾಯಿಯಿಂದ ಮಗಳಿಗೆ ಇಳಿಯುತ್ತವೆ. ಅವುಗಳ ಉಸ್ತುವಾರಿ ಮಾಮಕ್‌ನದು. ಅವರದೊಂದು ಗಾದೆ: ‘ಅನಾಕ್ ದಿಪಂಗ್ಕು, ಕೆಮೆನಾಕನ್ ದಿಬಿಂಬಿಂಗ್’. ತನ್ನ ಮಗು ಮಡಿಲಲ್ಲಿ, ಅಕ್ಕತಂಗಿಯರ ಮಗು ಕೈಹಿಡಿದು. ಈ ಗಾದೆಯನ್ನು ನಾನು ಎಷ್ಟು ಸಲ ತಿರುವಿ ಹಾಕಿದರೂ ಅದು ಮುಗಿಯುವುದಿಲ್ಲ. ಒಬ್ಬನೇ ಗಂಡಸು, ಎರಡು ಕೈ. ಎಡಗೈ ತನ್ನ ಕೂಸನ್ನು ಅವುಚಿಕೊಂಡಿದೆ, ಬಲಗೈಯ ಬೆರಳನ್ನು ಅಳಿಯ ಹಿಡಿದಿದ್ದಾನೆ. ಮಡಿಲ ಮಗುವಿಗೆ ದಾರಿಯ ಚಿಂತೆಯಿಲ್ಲ. ಬೆರಳು ಹಿಡಿದವನು ತಾನೇ ನಡೆಯಬೇಕು, ಎಡವಬೇಕು, ಕಲಿಯಬೇಕು. ಎತ್ತಿಕೊಂಡವನ ನಡಿಗೆಯೂ ಈ ಪುಟ್ಟ ಹೆಜ್ಜೆಗೆ ತಕ್ಕ ಹಾಗೆ ನಿಧಾನವಾಗಬೇಕು. ಲೆಕ್ಕವೂ ಚೊಕ್ಕ: ಮಗನನ್ನು ಸಾಕುವುದು ಸ್ವಂತ ದುಡಿಮೆಯಲ್ಲಿ, ಅಳಿಯನನ್ನು ನಡೆಸುವುದು ಕುಲದ ಆಸ್ತಿಯಲ್ಲಿ. ಒಂದು ಕೈಯದನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ. ಮಾವನ ಪ್ರೀತಿಗೂ ಮಾವನ ಹೊಣೆಗೂ ಇಷ್ಟು ಚಿಕ್ಕದಾಗಿ ಗೆರೆ ಎಳೆದ ಮಾತು ನಾನು ಬೇರೆಲ್ಲೂ ಕೇಳಿಲ್ಲ.

ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಳಿಯಸಂತಾನ ಕಟ್ಟಿನಲ್ಲೂ ಸಂತತಿ ಹೆಣ್ಣಿನ ಕಡೆಯಿಂದಲೇ, ಯಜಮಾನಿಕೆ ಬಹಳ ಮನೆಗಳಲ್ಲಿ ಮಾವನದೇ. ತುಳುವಿನಲ್ಲಿ ಅವನು ತಮ್ಮಲೆ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಆಸ್ತಿಯ ಲೆಕ್ಕವನ್ನು ಬದಲಿಸಿದವು. ತಮ್ಮಲೆಯ ಮರ್ಯಾದೆಯನ್ನು ಯಾವ ಕಾಯಿದೆಯೂ ಮುಟ್ಟಿರಲಿಲ್ಲ.

ಅದನ್ನು ಮುಟ್ಟಿದ್ದು ‘ಅಂಕಲ್’. ಮಾವ, ಚಿಕ್ಕಪ್ಪ, ದೊಡ್ಡಪ್ಪ, ಪಕ್ಕದ ಮನೆಯಾತ, ಎಟಿಎಂ ಕಾಯುವವರು ಎಲ್ಲರೂ ಆ ಒಂದೇ ಗೋಣಿಚೀಲದೊಳಗೆ. ಇಂಡೊನೇಷ್ಯಾದ ಪೇಟೆಗಳಲ್ಲಿ ಇದೇ ಕೆಲಸವನ್ನು ಡಚ್ಚರು ಬಿಟ್ಟುಹೋದ ‘ಓಮ್’ ಮಾಡುತ್ತಿದೆ. ಮಲೇಷ್ಯಾದಲ್ಲಿ ಮಾಮಕ್ ಅನ್ನುವುದನ್ನು ವ್ಯಕ್ತಿಯ ಮುಖಕ್ಕೆ ಹೇಳಿದರೆ ಬೇಸರವಾಗುವುದುಂಟು, ಅದನ್ನು ಗೌರವಿಸಬೇಕು. ಆದರೆ ಆ ಜಾಗಕ್ಕೆ ‘ಅನ್ನೇ’, ಅಂದರೆ ಅಣ್ಣ, ಎಂಬ ಒಳ್ಳೆಯ ಕರೆ ಇದ್ದೂ, ಈಗ ಎಲ್ಲ ಮೇಜಿನಿಂದಲೂ ಕೇಳುವುದು ‘ಬಾಸ್’. ಬೆಂಗಳೂರಿನ ದರ್ಶಿನಿಯಲ್ಲೂ ಅದೇ: ‘ಬಾಸ್, ಒಂದು ಖಾಲಿ ದೋಸೆ.’ ದೋಸೆ ಹಾಕುವವರಿಗೆ ಬಾಸ್ ಅಂದರೆ ಗೌರವ ಹೆಚ್ಚಿತು ಎಂದು ಹುಡುಗರು ತಿಳಿದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬಾಸ್ ಎನ್ನುವುದು ಸಂಬಳದ ಸಂಬಂಧ. ‘ಅಣ್ಣಾ, ಸ್ವಲ್ಪ ಚಟ್ನಿ ಹಾಕಿ’ ಅಂದಾಗ ಚಟ್ನಿ ಬರುತ್ತದೆ, ಜೊತೆಗೆ ‘ಸಾಕಾ?’ ಎಂಬ ಮಾತೂ ಬರುತ್ತದೆ.

ಥಾಯ್ಲೆಂಡಿನಲ್ಲಿ ಬಡಿಸುವವರನ್ನು ‘ಪೀ’ ಅಥವಾ ‘ನೋಂಗ್’ ಎಂದು ಕರೆಯಬೇಕಾದರೆ, ಅವರು ನಮಗಿಂತ ಹಿರಿಯರೋ ಕಿರಿಯರೋ ಎಂದು ಮೊದಲು ಮುಖ ನೋಡಬೇಕು. ಕೊರಿಯಾದಲ್ಲಿ ಊಟದ ಅಂಗಡಿಯ ಹೆಂಗಸನ್ನು ‘ಇಮೋ’ ಎನ್ನುತ್ತಾರೆ. ಇಮೋ ಎಂದರೆ ಚಿಕ್ಕಮ್ಮ, ದೊಡ್ಡಮ್ಮ, ಅದೂ ತಾಯಿಯ ಕಡೆಯವಳೇ. ಉಣ್ಣುವ ಜಾಗದಲ್ಲಿ ತಾಯಿಯ ತೌರಿನವರನ್ನೇ ನೆನೆಯುವುದು ಏಷ್ಯಾದ ಹಳೆಯ ಅಭ್ಯಾಸ ಎಂದೇ ನಾನು ನಂಬಿದ್ದೇನೆ. ಪತ್ರ ಬರೆದ ತಾಯಿಗೆ ನಾನು ಹೇಳುವುದಿಷ್ಟು: ಮಗ ಧಾರಾಳವಾಗಿ ಮಾಮಕ್‌ಗೆ ಹೋಗಲಿ. ಊರಿಗೆ ಬಂದಾಗ ನಿಮ್ಮ ಒಡಹುಟ್ಟಿದವರನ್ನು ಅಂಕಲ್ ಎನ್ನದೆ, ಬಾಯಿ ತುಂಬ ಮಾವ ಎಂದು ಕರೆಯಲು ಮಾತ್ರ ಹೇಳಿಕೊಡಿ.